ಭಿಕ್ಷುವಿನ ಪಾತ್ರೆಯೂ ಮಗುವಿನ ಡಬ್ಬಿಯೂ

(ವಾರ್ಷಿಕ ಪಾಲಕರ ಸಭೆಯಲ್ಲಿ ಶಾಲೆಯ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷವೂ ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶ, ಹಾಜರಿ, ಕಟ್ಟಡದ ಕೆಲಸ ಇವುಗಳ ವಿಚಾರವಾಗಿ ನಿವೇದಿಸಿಕೊಳ್ಳುವುದು ನಮ್ಮ ವಾಡಿಕೆ. ಅವೆಲ್ಲವೂ ಕಾರ್ಯದರ್ಶಿಗಳ ವರದಿಯಲ್ಲಿ ಈಗಾಗಲೆ ಬಂದಿವೆ. ಆದುದರಿಂದ ಈ ಸಲ ತಮ್ಮೆಲ್ಲರ ಅಪ್ಪಣೆ ಪಡೆದು ಊಟದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಪಾಠ ಹೇಳುವವರಿಗೆ ಊಟದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಕಲಿಯುವ ಮನಸ್ಸು ದೇಹದಲ್ಲಿಯೇ ಇರುವುದು. ಆ ದೇಹವನ್ನು ಕಟ್ಟುವುದು ಅನ್ನ. ಹಸಿದ ಮಗುವಿಗೆ ಹೇಗೆ ಪಾಠ ಹತ್ತುವುದಿಲ್ಲವೋ ಹಾಗೆಯೆ ತಪ್ಪು ಆಹಾರದಿಂದ ಮಂದವಾದ ಮಗುವಿಗೂ ಪಾಠ ಹತ್ತುವುದಿಲ್ಲ. ಹೀಗಾಗಿ ಇದು ನಮ್ಮ ಗೊಡವೆಯೂ ಹೌದು.

ಈ ವಿಷಯವನ್ನು ವಿವರಿಸಲು ನಾವು ತಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇವೆ. ಬೌದ್ಧಧರ್ಮವು ಬಾಳುತ್ತಿರುವ ಥಾಯ್ಲೆಂಡ್ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ವಿಚಿತ್ರವಾದ ಕಷ್ಟ ತಲೆದೋರಿದೆ. ಅದರಿಂದ ನಮ್ಮ ಮನೆಗಳೂ ಕಲಿಯಬೇಕಾದುದು ಬಹಳವಿದೆ. ಬುದ್ಧನ ಹೆಸರು ನಮ್ಮ ಸೀಮೆಗೆ ಹೊಸದಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು ಬೌದ್ಧ ಧಮ್ಮವನ್ನು ಸ್ವೀಕರಿಸಿದ ಮೇಲೆ ಈ ಭಾಗದ ಅನೇಕ ಮನೆತನಗಳು ಆ ದಾರಿಯಲ್ಲಿ ನಡೆದಿವೆ. ಆ ಮನೆಗಳ ಮಕ್ಕಳು ನಮ್ಮ ವರ್ಗಗಳಲ್ಲಿ ಓದುತ್ತಿದ್ದಾರೆ. ಆದರೆ ನಾವು ಇಂದು ಹೇಳುವುದು ಒಂದು ಮತದವರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಉಣ್ಣುವವರಿಗೆಲ್ಲ ಸಂಬಂಧಿಸಿದ ಮಾತು, ಅದಕ್ಕಿಂತಲೂ ಹೆಚ್ಚಾಗಿ ಉಣಬಡಿಸುವವರಿಗೆ ಸಂಬಂಧಿಸಿದ ಮಾತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಅಂಗಡಿಗಳ ಗಲ್ಲಾಪೆಟ್ಟಿಗೆಯ ಬಳಿ ದೊಡ್ಡ ಹೊಟ್ಟೆಯನ್ನು ಬಿಟ್ಟುಕೊಂಡು ನಗುತ್ತ ಕುಳಿತ ಒಂದು ಬೊಂಬೆಯನ್ನು ಮಕ್ಕಳು ನೋಡಿರಬಹುದು. ಅದನ್ನು ಜನ ನಗುವ ಬುದ್ಧನೆಂದು ಕರೆಯುತ್ತಾರೆ. ಅದು ಗೌತಮ ಬುದ್ಧನಲ್ಲ. ಚೀನಾ ದೇಶದಲ್ಲಿ ಹತ್ತನೆಯ ಶತಮಾನದ ಸುಮಾರಿಗೆ ಇದ್ದನೆಂದು ಹೇಳುವ ಬುದಾಯ್ ಎಂಬ ಸನ್ಯಾಸಿಯ ರೂಪ ಅದು. ಅಲ್ಲಿಯ ಜನರು ಆತನನ್ನು ಮುಂದೆ ಬರಲಿರುವ ಮೈತ್ರೇಯನ ಅವತಾರವೆಂದು ಭಾವಿಸಿದರು. ಗೌತಮನಾದರೋ ಬುದ್ಧನಾಗುವ ಮೊದಲು ಅನ್ನವನ್ನು ಬಿಟ್ಟು ಎಲುಬು ಕಾಣುವಷ್ಟು ಬಡವಾಗಿದ್ದನೆಂದು ಗ್ರಂಥಗಳು ಹೇಳುತ್ತವೆ. ಗಾಂಧಾರದ ಶಿಲ್ಪಿಗಳು ಕೆತ್ತಿದ ಅಂತಹ ಒಂದು ಪ್ರತಿಮೆ ಲಾಹೋರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಪಕ್ಕೆಲುಬುಗಳನ್ನು ಎಣಿಸಬಹುದು. ಅಷ್ಟು ಕಠಿಣವಾದ ಉಪವಾಸದಿಂದ ಏನೂ ದೊರೆಯಲಿಲ್ಲವೆಂದು ತಿಳಿದು ಆತನು ಸುಜಾತೆಯು ತಂದ ಹಾಲನ್ನವನ್ನು ಉಂಡನು. ಅತಿಯಾದ ಭೋಗವೂ ಬೇಡ, ಅತಿಯಾದ ದೇಹದಂಡನೆಯೂ ಬೇಡ ಎಂಬ ಮಧ್ಯಮ ಮಾರ್ಗವು ಊಟದ ಈ ಅನುಭವದಿಂದಲೂ ಮೂಡಿದುದೆಂದು ಹೇಳಿದರೆ ತಪ್ಪಾಗಲಾರದು.

ಆ ಮಾರ್ಗದಲ್ಲಿ ನಡೆಯುವ ಭಿಕ್ಷುಗಳ ಊಟಕ್ಕೆ ಕಟ್ಟುಪಾಡುಗಳಿವೆ. ಅರುಣೋದಯದಿಂದ ನಡುಹಗಲಿನವರೆಗೆ ಮಾತ್ರ ಅವರು ಉಣ್ಣಬಹುದು. ಅನಂತರ ಮರುದಿನ ಬೆಳಗಾಗುವವರೆಗೆ ಗಟ್ಟಿಯಾದ ಆಹಾರವಿಲ್ಲ. ಬಾಯಾರಿದರೆ ಸೋಸಿದ ಹಣ್ಣಿನ ಪಾನಕವನ್ನು ಕುಡಿಯಬಹುದು. ಅನಾರೋಗ್ಯದಲ್ಲಿ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವು ಔಷಧಿಯಾಗಿ ಸಲ್ಲುತ್ತವೆ. ಗೃಹಸ್ಥರಾದ ಉಪಾಸಕರು ಸಹ ಉಪೋಸಥದ ದಿನಗಳಲ್ಲಿ ಅಷ್ಟಶೀಲವನ್ನು ಹಿಡಿದಾಗ ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ. ಇನ್ನೊಂದು ನಿಯಮವನ್ನು ವಿಶೇಷವಾಗಿ ಗಮನಿಸಬೇಕು. ರೋಗವಿಲ್ಲದ ಭಿಕ್ಷುವು ತನಗಾಗಿ ತುಪ್ಪ, ಜೇನು, ಹಾಲು, ಮೊಸರು ಮೊದಲಾದ ರುಚಿಯಾದ ಪದಾರ್ಥಗಳನ್ನು ಕೇಳಿ ಪಡೆಯಬಾರದು. ಕೊಟ್ಟುದನ್ನು ಕೊಳ್ಳುವುದೇ ಅವನ ಧರ್ಮ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು, ನಮ್ಮ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಥಾಯ್ಲೆಂಡಿನಲ್ಲಿ ಸುಮಾರು ನಲವತ್ತು ಸಾವಿರ ವಿಹಾರಗಳಿವೆ. ಭಿಕ್ಷುಗಳ ಸಂಖ್ಯೆ ಲಕ್ಷಗಳ ಲೆಕ್ಕದಲ್ಲಿದೆ. ಪ್ರತಿದಿನ ಮುಂಜಾವಿನಲ್ಲಿ ಅವರು ಬರಿಗಾಲಿನಲ್ಲಿ, ಪಾತ್ರೆಯನ್ನು ಹಿಡಿದು ಸಾಲಾಗಿ ಬೀದಿಯಲ್ಲಿ ನಡೆದು ಬರುತ್ತಾರೆ. ಇದಕ್ಕೆ ಪಿಂಡಪಾತವೆಂದು ಹೆಸರು. ಮನೆಯವರು ಬಾಗಿಲ ಮುಂದೆ ಮೊಣಕಾಲೂರಿ ಕಾದಿದ್ದು ಅನ್ನವನ್ನೂ ಮೇಲೋಗರವನ್ನೂ ಆ ಪಾತ್ರೆಯಲ್ಲಿ ಹಾಕಿ ಕೈಮುಗಿಯುತ್ತಾರೆ. ಭಿಕ್ಷುವು ಹರಸಿ ಮುಂದೆ ಸಾಗುತ್ತಾನೆ. ಇದು ಬೇಕು, ಅದು ಬೇಡ ಎಂದು ಆತನು ಹೇಳುವಂತಿಲ್ಲ. ಕೊಡುವವರಿಗೆ ಪುಣ್ಯ, ಕೊಳ್ಳುವವನಿಗೆ ಆ ದಿನದ ಅನ್ನ. ನಮ್ಮಲ್ಲಿಯ ದಾಸೋಹ, ಅನ್ನಛತ್ರಗಳನ್ನು ಕಂಡ ತಮಗೆ ಈ ಭಾವನೆಯ ಹಿರಿಮೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕರ್ನಾಟಕದ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಕಾಣುವ ಟಿಬೆಟ್ಟಿನ ಭಿಕ್ಷುಗಳ ಪದ್ಧತಿ ಬೇರೆ. ಅಲ್ಲಿ ಮಠದ ಸಾಮೂಹಿಕ ಅಡಿಗೆಮನೆಯಲ್ಲಿ ಬೇಯಿಸಿ ಬಡಿಸುತ್ತಾರೆ. ನಾವು ಹೇಳುತ್ತಿರುವುದು ದಿನದಿನದ ಭಿಕ್ಷೆಯಿಂದ ಬಾಳುವವರ ವಿಚಾರ.

ದಿನಕ್ಕೆ ಒಂದೋ ಎರಡೋ ಸಲ, ಅದೂ ನಡುಹಗಲಿನೊಳಗೆ ಉಣ್ಣುವ ಇವರು ಕೃಶರಾಗಿರಬೇಕೆಂದು ಯಾರಾದರೂ ಊಹಿಸುವರು. ಆದರೆ ನಿಜಸ್ಥಿತಿ ಬೇರೆ. ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಆಹಾರಶಾಸ್ತ್ರದ ಪ್ರಾಧ್ಯಾಪಕಿಯಾದ ಜೊಂಗ್‌ಜಿತ್ ಅಂಗ್‌ಕತವನಿಚ್ ಅವರು ಭಿಕ್ಷುಗಳ ಆರೋಗ್ಯವನ್ನು ಹಲವು ವರ್ಷ ಪರಿಶೀಲಿಸಿದರು. 2018ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಪ್ರಸಿದ್ಧವಾದ ಅವರ ಲೆಕ್ಕದಂತೆ ನೂರಕ್ಕೆ ಸುಮಾರು 48 ಮಂದಿ ಭಿಕ್ಷುಗಳು ಬೊಜ್ಜಿನವರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಕೊಲೆಸ್ಟರಾಲ್ ಮಿತಿಮೀರಿತ್ತು. ಹೆಚ್ಚುಕಡಿಮೆ ಕಾಲುಭಾಗದಷ್ಟು ಜನರಿಗೆ ರಕ್ತದೊತ್ತಡ, ಹತ್ತರಲ್ಲಿ ಒಬ್ಬರಿಗೆ ಸಕ್ಕರೆ ರೋಗ. ಭಿಕ್ಷುಗಳ ಚಿಕಿತ್ಸೆಗೆಂದೇ ಆ ನಗರದಲ್ಲಿ ಒಂದು ಆಸ್ಪತ್ರೆಯಿದೆ. ಅಲ್ಲಿಯೂ ಇವೇ ರೋಗಗಳು ಮುಂದಾಗಿ ಕಾಣುತ್ತವೆ.

ಬೊಜ್ಜೆಂದರೆ ಏನೆಂಬುದನ್ನು ಗಣಿತದಿಂದ ತಿಳಿಯಬಹುದು. ಮೇಲಿನ ವರ್ಗದ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ಬರೆದು, ಎತ್ತರದ ವರ್ಗದಿಂದ ತೂಕವನ್ನು ಭಾಗಿಸಬೇಕು. ಬಂದ ಅಂಕಿ 23ನ್ನು ದಾಟಿದರೆ ತೂಕ ಹೆಚ್ಚಿತೆಂದೂ, 25ನ್ನು ಮುಟ್ಟಿದರೆ ಬೊಜ್ಜೆಂದೂ ಏಷ್ಯಾದ ಹಲವು ದೇಶಗಳಲ್ಲಿ ಎಣಿಸುತ್ತಾರೆ. 1.6 ಮೀಟರ್ ಎತ್ತರದ ವಯಸ್ಕನಿಗೆ ಆ ಗೆರೆ 64 ಕಿಲೋಗ್ರಾಮಿಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಬೊಜ್ಜಿನ ಗೆರೆ 30. ನಮ್ಮ ಭಾಗದ ಜನರಿಗೆ ಕಡಿಮೆ ತೂಕದಲ್ಲಿಯೂ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ರೋಗ ಬೇಗ ಅಂಟುವುದರಿಂದ ಈ ಬಿಗಿಯಾದ ಅಳತೆಯನ್ನು ಇಟ್ಟುಕೊಂಡಿದ್ದಾರೆ. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಹೀಗೆಯೆ ಸಲ್ಲದು. ವಯಸ್ಸಿಗೆ ತಕ್ಕ ಬೇರೆ ಪಟ್ಟಿ ಇದೆ, ಅದನ್ನು ವೈದ್ಯರೇ ನೋಡಿ ಹೇಳಬೇಕು.

ಹಾಗಾದರೆ ನಿಯಮನಿಷ್ಠರಾದ ಭಿಕ್ಷುಗಳು ಹೊಟ್ಟೆಬಾಕರಾಗಿ ಕೆಟ್ಟರೆ? ಹಾಗೆ ಹೇಳಿದರೆ ಅನ್ಯಾಯವಾದೀತು. ಅದೇ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಭಿಕ್ಷುಗಳು ದಿನವೊಂದಕ್ಕೆ ಸೇವಿಸುವ ಒಟ್ಟು ಆಹಾರದ ಶಕ್ತಿ ಆ ದೇಶದ ಸಾಮಾನ್ಯ ಗಂಡಸರು ಸೇವಿಸುವುದಕ್ಕಿಂತ ಕಡಿಮೆಯೇ. ಕಡಿಮೆ ಉಂಡೂ ಬೊಜ್ಜು ಬಂದುದು ಹೇಗೆ? ಮುಖ್ಯವಾದ ಕಾರಣ ಸಿಹಿಪಾನೀಯಗಳು. ಮಧ್ಯಾಹ್ನದ ಮೇಲೆ ಗಟ್ಟಿಯಾದುದು ಏನೂ ಸಲ್ಲದಾದ್ದರಿಂದ ಸಂಜೆಯ ಬಳಲಿಕೆಯನ್ನು ಕಳೆಯಲು ಬಾಟಲಿಯ ಸಿಹಿ ನೀರು, ಶಕ್ತಿ ಕೊಡುವುದೆಂದು ಮಾರುವ ಪಾನೀಯ, ಸಕ್ಕರೆ ತುಂಬಿದ ಚಹ ಮತ್ತು ಕಾಫಿ ಇವುಗಳನ್ನು ಕುಡಿಯುವ ರೂಢಿ ಬಂದಿತು. ನಿಯಮದ ಅಕ್ಷರ ಮುರಿಯಲಿಲ್ಲ. ಆದರೆ ಮಾವು, ನೇರಿಳೆ, ಬಾಳೆಹಣ್ಣುಗಳ ಪಾನಕವನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮದೊಳಗೆ ಕಾರ್ಖಾನೆಯ ಬಾಟಲಿ ನುಸುಳಿತು.

ಸಕ್ಕರೆಯ ನೀರು ಮಾಡುವ ಕೆಲಸವನ್ನು ತಿಳಿದರೆ ಇದರ ಕೇಡು ಅರ್ಥವಾಗುತ್ತದೆ. ಒಂದು ರೊಟ್ಟಿಯನ್ನು ಅಗಿದು ನುಂಗಬೇಕು. ಅದರಲ್ಲಿಯ ನಾರು ಹೊಟ್ಟೆಯನ್ನು ತುಂಬುತ್ತದೆ, ಅದು ಮೆಲ್ಲಗೆ ಅರಗುತ್ತದೆ, ಸಾಕೆಂಬ ಭಾವನೆ ಬರುತ್ತದೆ. ಕರಗಿದ ಸಕ್ಕರೆಗೆ ಅಗಿಯುವ ಕೆಲಸವಿಲ್ಲ, ಹೊಟ್ಟೆ ತುಂಬಿದ ತೃಪ್ತಿಯೂ ಇಲ್ಲ. ಅದು ಬೇಗನೆ ರಕ್ತಕ್ಕೆ ಸೇರುತ್ತದೆ. ಅದನ್ನು ಹದಕ್ಕೆ ತರಲು ದೇಹವು ಇನ್ಸುಲಿನ್ ಎಂಬ ರಸವನ್ನು ಹೆಚ್ಚು ಸುರಿಸುತ್ತದೆ. ಖರ್ಚಾಗದೆ ಉಳಿದುದು ಕೊಬ್ಬಾಗಿ ಹೊಟ್ಟೆಯಲ್ಲಿಯೂ ಯಕೃತ್ತಿನಲ್ಲಿಯೂ ಸೇರಿಕೊಳ್ಳುತ್ತದೆ. ಹೀಗೆಯೆ ವರ್ಷಗಳು ಕಳೆದರೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಗುತ್ತದೆ. ಅದೇ ಎರಡನೆಯ ಬಗೆಯ ಮಧುಮೇಹ. ವಯಸ್ಕನೊಬ್ಬನು ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಚಮಚಕ್ಕಿಂತ ಹೆಚ್ಚು ಸಕ್ಕರೆಯನ್ನು ಬೆರೆಸಿಕೊಳ್ಳದಿರುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. 330 ಮಿಲಿಲೀಟರಿನ ಒಂದು ಡಬ್ಬಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆಯಿರುತ್ತದೆ. ಒಂದೇ ಡಬ್ಬಿಗೆ ದಿನದ ಪಾಲು ಮುಗಿದು ಮೇಲೆ ಸಾಲವಾಗುತ್ತದೆ.

ಎರಡನೆಯ ಕಾರಣ ದಾನದ ರೀತಿ ಬದಲಾದುದು. ಹಿಂದೆ ಮನೆಯಲ್ಲಿ ಬೇಯಿಸಿದ ಅನ್ನ, ಸೊಪ್ಪು, ಮೀನು ಭಿಕ್ಷುವಿನ ಪಾತ್ರೆಗೆ ಬೀಳುತ್ತಿದ್ದವು. ಈಗ ಗಂಡನೂ ಹೆಂಡತಿಯೂ ದುಡಿಯಲು ಹೋಗುವ ನಗರಗಳಲ್ಲಿ ಬೆಳಗಿನ ಅಡಿಗೆಗೆ ವೇಳೆಯಿಲ್ಲ. ಭಿಕ್ಷುಗಳು ಬರುವ ಬೀದಿಯಲ್ಲಿಯೇ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದ ಸಿದ್ಧ ಆಹಾರ ಮಾರಾಟಕ್ಕೆ ಸಿಗುತ್ತದೆ. ಅದನ್ನು ಕೊಂಡು ಅಲ್ಲಿಯೇ ಅರ್ಪಿಸುತ್ತಾರೆ. ಅದರಲ್ಲಿ ಎಣ್ಣೆ, ಉಪ್ಪು, ತೆಂಗಿನ ಹಾಲು, ಸಕ್ಕರೆ ಹೆಚ್ಚು. ಹಳದಿ ಬಣ್ಣದ ಬಕೀಟುಗಳಲ್ಲಿ ಸಾಬೂನು, ಟೂತ್‌ಪೇಸ್ಟುಗಳ ಜೊತೆಗೆ ಪೊಟ್ಟಣದ ಶ್ಯಾವಿಗೆ, ಡಬ್ಬಿಯ ಆಹಾರ, ಸಿಹಿಪಾನೀಯ ಇವುಗಳನ್ನು ಮೊದಲೇ ಜೋಡಿಸಿ ದಾನಕ್ಕೆಂದು ಮಾರುತ್ತಾರೆ. ತೀರಿಹೋದ ಹಿರಿಯರ ಹೆಸರಿನಲ್ಲಿ ಕೊಡುವಾಗ ಅವರಿಗೆ ಮೆಚ್ಚಿಗೆಯಾಗಿದ್ದ ಸಿಹಿಯನ್ನೂ ಕರಿದ ಪದಾರ್ಥವನ್ನೂ ಕೊಡುವ ಪದ್ಧತಿಯೂ ಇದೆ. ಕೊಟ್ಟುದು ಅವರಿಗೆ ಮುಟ್ಟುವುದೆಂಬ ನಂಬಿಕೆ. ಒಬ್ಬೊಬ್ಬ ದಾನಿಯೂ ಭಕ್ತಿಯಿಂದಲೇ ಕೊಡುತ್ತಾನೆ. ನೂರು ಮನೆಯ ಭಕ್ತಿ ಒಂದೇ ಪಾತ್ರೆಯಲ್ಲಿ ಕೂಡಿದಾಗ ರೋಗವಾಗುತ್ತದೆ.

ಮೂರನೆಯ ಕಾರಣ ಚಲನೆಯ ಕೊರತೆ. ಚೀವರವನ್ನುಟ್ಟವರು ಬೀದಿಯಲ್ಲಿ ಓಡುವುದು, ವ್ಯಾಯಾಮ ಮಾಡುವುದು ಗೌರವಕ್ಕೆ ಕುಂದೆಂಬ ಭಾವನೆ ಅಲ್ಲಿದೆ. ಭಿಕ್ಷೆಗೆ ನಡೆಯುವುದು, ವಿಹಾರದ ಅಂಗಳವನ್ನು ಗುಡಿಸುವುದು, ನಡೆಯುತ್ತ ಧ್ಯಾನ ಮಾಡುವುದು ಇವು ಹಿಂದಿನಿಂದ ಬಂದ ದೇಹಶ್ರಮಗಳು. ಇವು ಕಡಿಮೆಯಾದ ಕಡೆಗಳಲ್ಲಿ ಕುಳಿತಿರುವ ಕಾಲವೇ ಹೆಚ್ಚಾಯಿತು.

ಈ ಕಷ್ಟವನ್ನು ಕಂಡು ಆ ದೇಶದವರು ಸುಮ್ಮನೆ ಕೂಡಲಿಲ್ಲ. 2017ರಲ್ಲಿ ಭಿಕ್ಷುಸಂಘದ ಆರೋಗ್ಯಕ್ಕಾಗಿ ಒಂದು ರಾಷ್ಟ್ರೀಯ ಸನ್ನದು ಸಿದ್ಧವಾಯಿತು. ಭಿಕ್ಷುಗಳು ತಮ್ಮ ಆರೋಗ್ಯವನ್ನು ನೋಡಿಕೊಳ್ಳುವುದು ಧರ್ಮಕ್ಕೆ ವಿರೋಧವಲ್ಲವೆಂದೂ, ದಾನ ಮಾಡುವ ಗೃಹಸ್ಥರಿಗೂ ಇದರಲ್ಲಿ ಹೊಣೆಯಿದೆಯೆಂದೂ ತಿಳಿಸುವ ಪ್ರಯತ್ನ ನಡೆಯಿತು. ಸಕ್ಕರೆ ಬೆರೆತ ಪಾನೀಯಗಳ ಮೇಲೆ ಅದೇ ವರ್ಷ ಸರಕಾರವು ತೆರಿಗೆ ಹಾಕಿತು. ಮೇಲೆ ಹೇಳಿದ ಪ್ರಾಧ್ಯಾಪಕಿಯವರು ಭಿಕ್ಷುಗಳಿಗೆ ಸೊಂಟದ ಅಳತೆಯನ್ನು ತಾವೇ ನೋಡಿಕೊಳ್ಳುವ ಉಪಾಯ ಕಲಿಸಿದರು, ವಿಹಾರಕ್ಕೆ ಅಡಿಗೆ ಮಾಡುವವರಿಗೆ ಎಣ್ಣೆ ಸಕ್ಕರೆಗಳನ್ನು ತಗ್ಗಿಸುವ, ತರಕಾರಿ ಮತ್ತು ಪಾಲಿಶ್ ಮಾಡದ ಅಕ್ಕಿಯನ್ನು ಬಳಸುವ ಕ್ರಮವನ್ನು ತೋರಿಸಿದರು. ಇಲ್ಲಿ ಉಣ್ಣುವವರಿಗೆ ಎಷ್ಟು ಪಾಠವೋ ಕೊಡುವವರಿಗೂ ಅಷ್ಟೇ ಪಾಠ. ಕೇಳುವ ಅಧಿಕಾರವಿಲ್ಲದವನಿಗೆ ಏನನ್ನು ಕೊಡಬೇಕೆಂಬುದನ್ನು ಕೊಡುವವನೇ ವಿಚಾರಿಸಬೇಕಲ್ಲವೆ?

ಇದು ಇಂದಿನ ವೈದ್ಯರು ಮಾತ್ರ ಹೇಳಿದ ವಿವೇಕವಲ್ಲ. ಪಾಲಿ ಗ್ರಂಥಗಳಲ್ಲಿ ಕೋಸಲದ ಅರಸನಾದ ಪ್ರಸೇನಜಿತನ ಕಥೆಯೊಂದಿದೆ. ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ಈ ಅರಸನು ಒಂದೊಂದು ಸಲಕ್ಕೆ ದ್ರೋಣದಷ್ಟು ಅಕ್ಕಿಯ ಅನ್ನವನ್ನು ಉಣ್ಣುತ್ತಿದ್ದನು. ಒಂದು ದಿನ ಉಂಡೆದ್ದವನೇ ಏದುತ್ತ ಬುದ್ಧನ ಬಳಿಗೆ ಬಂದನು. ಬುದ್ಧನು ಅವನನ್ನು ಹೀಯಾಳಿಸಲಿಲ್ಲ. ಎಚ್ಚರದಿಂದಿದ್ದು ಅಳತೆಯರಿತು ಉಣ್ಣುವವನ ದೇಹಕ್ಕೆ ಬಾಧೆ ಕಡಿಮೆ, ಮುಪ್ಪೂ ನಿಧಾನ ಎಂಬ ಅರ್ಥದ ಚಿಕ್ಕದೊಂದು ಪದ್ಯವನ್ನು ಹೇಳಿದನು. ಅರಸನ ಹಿಂದೆ ಸುದಸ್ಸನನೆಂಬ ತರುಣನು ನಿಂತಿದ್ದನು. ಅರಸನು ಅವನಿಗೆ ಆ ಪದ್ಯವನ್ನು ಬಾಯಿಪಾಠ ಮಾಡಿಸಿ, ತಾನು ಊಟಕ್ಕೆ ಕುಳಿತಾಗಲೆಲ್ಲ ಅದನ್ನು ಹೇಳಬೇಕೆಂದು ಏರ್ಪಾಡು ಮಾಡಿದನು. ಅದಕ್ಕಾಗಿ ದಿನವೂ ನೂರು ಕಹಾಪಣ ನಾಣ್ಯಗಳ ಸಂಬಳ! ಕ್ರಮಕ್ರಮವಾಗಿ ಅರಸನ ಊಟವು ಒಂದು ನಾಳಿಯಷ್ಟಕ್ಕೆ ಇಳಿಯಿತು. ಮೈ ಹಗುರವಾದ ಮೇಲೆ ಅವನು ತನ್ನ ಅಂಗಾಂಗಗಳನ್ನು ಕೈಯಿಂದ ಸವರಿಕೊಳ್ಳುತ್ತ ಬುದ್ಧನ ಉಪಕಾರವನ್ನು ನೆನೆದನಂತೆ.

ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಕಾಣುತ್ತೇವೆ. ಅರಸನು ಒಂದೇ ದಿನದಲ್ಲಿ ಅನ್ನವನ್ನು ಬಿಡಲಿಲ್ಲ, ಮೆಲ್ಲಮೆಲ್ಲಗೆ ತಗ್ಗಿಸಿದನು. ತನ್ನ ಮನಸ್ಸೊಂದನ್ನೇ ನಂಬದೆ ಎಚ್ಚರಿಸುವ ಇನ್ನೊಬ್ಬನನ್ನು ಪಕ್ಕದಲ್ಲಿಟ್ಟುಕೊಂಡನು. ಅಲ್ಲದೆ ಎಚ್ಚರಿಸಿದವರು ಅವನನ್ನು ನಗೆಗೀಡು ಮಾಡಲಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಉಪಾಯಕ್ಕಿಂತ ಹೆಚ್ಚಿನದನ್ನು ಇಂದಿನ ಆಹಾರಶಾಸ್ತ್ರಜ್ಞರು ಸಹ ಹೇಳುವುದು ಅಪರೂಪ.

ಇನ್ನು ನಮ್ಮ ಮನೆಗೆ ಬರೋಣ. ಕೊಟ್ಟುದನ್ನು ಕೊಳ್ಳುವ, ಬೇಡವೆನ್ನುವ ಅಧಿಕಾರವಿಲ್ಲದ ಭಿಕ್ಷುವು ಥಾಯ್ಲೆಂಡಿನಲ್ಲಿ ಮಾತ್ರ ಇಲ್ಲ. ನಮ್ಮ ಒಂದೊಂದು ಮನೆಯಲ್ಲಿಯೂ ಇದ್ದಾನೆ. ಮುಂಜಾನೆ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೊರಡುವ ಮಗುವೇ ಆ ಭಿಕ್ಷು. ಡಬ್ಬಿಯಲ್ಲಿ ತಾಯಿ ಏನನ್ನು ತುಂಬುತ್ತಾಳೆಯೋ, ಅಂಗೈಯಲ್ಲಿ ತಂದೆ ಏನನ್ನು ಇಡುತ್ತಾನೆಯೋ ಅದೇ ಅದರ ಆಹಾರ. ಮಗು ಹಟ ಮಾಡುವುದುಂಟು, ನಿಜ. ಆದರೆ ಹಟ ಮಾಡಿ ಬೇಡುವ ವಸ್ತುವಿನ ರುಚಿಯನ್ನು ಅದಕ್ಕೆ ಮೊದಲು ಹತ್ತಿಸಿದವರು ದೊಡ್ಡವರೇ.

ಈ ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ನಾವೂ ನಮ್ಮ ಅಧ್ಯಾಪಕರೂ ಮಕ್ಕಳ ನಡುವೆ ಕುಳಿತು ಉಂಡೆವು. ಸರಕಾರದ ಪೋಷಣ ಯೋಜನೆಯ ಬಿಸಿಯೂಟವನ್ನು ಉಣ್ಣುವ ಮಕ್ಕಳಿದ್ದಾರೆ, ಮನೆಯ ಡಬ್ಬಿ ತರುವ ಮೇಲಿನ ವರ್ಗದ ಮಕ್ಕಳಿದ್ದಾರೆ. ಕೆಲವು ಡಬ್ಬಿಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಳಕೆ ಬಂದ ಹೆಸರುಕಾಳು ಕಂಡು ಸಂತೋಷವಾಯಿತು. ಹಲವರು ಡಬ್ಬಿಯನ್ನೇ ತಂದಿರಲಿಲ್ಲ. ಅವರ ಕೈಯಲ್ಲಿ ಐದು ರೂಪಾಯಿಯ ಕರಿದ ತಿಂಡಿಯ ಪೊಟ್ಟಣ, ಹತ್ತು ರೂಪಾಯಿಯ ಬಣ್ಣದ ನೀರಿನ ಬಾಟಲಿ. ಒಬ್ಬ ಬಾಲಕಿಯು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಮರೆಯಲ್ಲಿ ಉಣ್ಣುತ್ತಿದ್ದಳು. ಏಕೆಂದು ಕೇಳಿದಾಗ, ರೊಟ್ಟಿ ತಂದಿದ್ದೇನೆಂದು ಗೆಳತಿಯರು ನಗುತ್ತಾರೆ ಎಂದು ಮೆಲ್ಲಗೆ ಹೇಳಿದಳು.

ಆ ಮಾತು ನಮ್ಮ ಮನಸ್ಸಿಗೆ ತುಂಬ ನಾಟಿತು. ರೊಟ್ಟಿಗೆ ನಾಚುವ ಕಾಲ ಬಂದಿತೆ? ಮಾಲದಂಡಿ ಜೋಳವನ್ನು ಬೆಳೆದು ನಾಡಿಗೆಲ್ಲ ಕೊಟ್ಟ ನೆಲ ನಮ್ಮದು. ನೆರೆಯ ಮಂಗಳವೇಢೆಯ ಜೋಳಕ್ಕೆ ಆ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಗುರುತು ದೊರೆತಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳವೂ ಆ ಸಾಲಿನಲ್ಲಿ ಸೇರಿದ ಧಾನ್ಯ. ದೊಡ್ಡ ನಗರಗಳಲ್ಲಿ ಸಿರಿವಂತರು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವ ಈ ಅನ್ನವನ್ನು ನಮ್ಮ ಮಗು ಮುಚ್ಚಿಟ್ಟು ಉಣ್ಣಬೇಕಾದರೆ ತಪ್ಪು ಮಗುವಿನದಲ್ಲ. ಮನೆಯ ಅನ್ನ ಬಡತನದ ಗುರುತು, ಅಂಗಡಿಯ ಪೊಟ್ಟಣ ಸಿರಿತನದ ಗುರುತು ಎಂದು ದೊಡ್ಡವರು ನಡತೆಯಿಂದ ಕಲಿಸಿದ್ದೇವೆ. ಗಡಿಯಲ್ಲಿ ಬಾಳುವ ನಾವು ಮನೆಯ ಮಾತಿಗೆ ನಾಚಬಾರದೆಂದು ಈ ಶಾಲೆಯನ್ನು ಕಟ್ಟಿ ಉಳಿಸಿಕೊಂಡವರು. ಮನೆಯ ರೊಟ್ಟಿಗೆ ನಾಚುವುದನ್ನು ಹೇಗೆ ಒಪ್ಪೋಣ?

ತಾಯಂದಿರನ್ನು ದೂರಲು ನಾವು ಇಲ್ಲಿ ನಿಂತಿಲ್ಲ. ನಸುಕಿನಲ್ಲಿಯೇ ಎದ್ದು ಹೊಲಕ್ಕೆ ಕೂಲಿಗೆ ಹೋಗುವವರು, ಬೀಡಿ ಕಟ್ಟುವವರು, ಮಗ್ಗದ ಕಾರ್ಖಾನೆಯಲ್ಲಿ ದುಡಿಯುವವರು ಇಲ್ಲಿ ಕುಳಿತಿದ್ದೀರಿ. ಆ ಗಡಿಬಿಡಿಯಲ್ಲಿ ಹತ್ತು ರೂಪಾಯಿ ಕೈಗಿಟ್ಟು ಕಳಿಸುವುದು ಪ್ರೀತಿಯಿಲ್ಲದುದರಿಂದಲ್ಲ. ಬ್ಯಾಂಕಾಕಿನ ಬೀದಿಯಲ್ಲಿ ಚೀಲ ಕೊಂಡು ಭಿಕ್ಷುವಿಗೆ ನೀಡುವವರಿಗೂ ಭಕ್ತಿಯಿಲ್ಲವೆಂದು ಯಾರೂ ಹೇಳರು. ಆದರೆ ಪ್ರೀತಿಯೊಂದೇ ಸಾಲದು, ಪ್ರೀತಿಗೆ ಅಳತೆಯೂ ತಿಳಿವಳಿಕೆಯೂ ಬೇಕು. ರಾತ್ರಿ ಮಾಡಿದ ಕಡಕ್ ರೊಟ್ಟಿಗೆ ಹಿಂಡಿ ಮೊಸರು, ಒಂದು ಹಿಡಿ ಹುರಿದ ಶೇಂಗಾ, ಎರಡು ಬಾಳೆಹಣ್ಣು ಇವುಗಳನ್ನು ಡಬ್ಬಿಗೆ ಹಾಕಲು ಒಲೆ ಹೊತ್ತಿಸುವ ಕೆಲಸವೂ ಇಲ್ಲ. ಗಂಡಸರು ಮತ್ತು ದೊಡ್ಡ ಮಕ್ಕಳು ಕೈಹಚ್ಚಿದರೆ ತಾಯಿಯ ಭಾರವೂ ಇಳಿಯುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಬೊಜ್ಜಿನ ಮಾತು ಕೇಳಿ ಮಕ್ಕಳ ಅನ್ನವನ್ನು ಕಡಿಮೆ ಮಾಡಬೇಡಿರಿ. ನಮ್ಮ ದೇಶದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ವಯಸ್ಕ ಹೆಂಗಸರಲ್ಲಿ ನೂರಕ್ಕೆ 24ರಷ್ಟು, ಗಂಡಸರಲ್ಲಿ ಸುಮಾರು 23ರಷ್ಟು ಜನರ ತೂಕ ಮಿತಿಮೀರಿತ್ತು. ಕೊರತೆಯೂ ಅತಿಯೂ ಒಂದೇ ನಾಡಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿವೆ. ಪೊಟ್ಟಣದ ತಿಂಡಿಯು ಎರಡಕ್ಕೂ ಔಷಧವಲ್ಲ. ಬಡವಾದ ಮಗುವಿನ ಹಸಿವನ್ನು ಅದು ಕೊಲ್ಲುತ್ತದೆ, ಆದರೆ ಬೆಳೆಸುವುದಿಲ್ಲ. ದಪ್ಪನಾದ ಮಗುವಿಗೆ ಇನ್ನಷ್ಟು ಕೊಬ್ಬನ್ನು ಕೊಡುತ್ತದೆ. ಬೇಳೆ, ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇವು ಇಬ್ಬರಿಗೂ ಬೇಕು.

ವಿದ್ಯಾರ್ಥಿಗಳೆ, ಈಗ ನಿಮಗೆ ಒಂದು ಕಟ್ಟಪ್ಪಣೆ. ನಿಮ್ಮಲ್ಲಿ ಯಾರೂ ದಪ್ಪನಾದ ಗೆಳೆಯನನ್ನು ಡುಮ್ಮನೆಂದು, ತೆಳ್ಳನೆಯವನನ್ನು ಕಡ್ಡಿಯೆಂದು ಕರೆಯಕೂಡದು. ದೇಹದ ಗಾತ್ರಕ್ಕೆ ಅನುವಂಶ, ರೋಗ, ಮನೆಯ ಸ್ಥಿತಿ ಹೀಗೆ ಹಲವು ಕಾರಣಗಳಿರುತ್ತವೆ. ಮಹಾರಾಜನಾದ ಪ್ರಸೇನಜಿತನನ್ನೇ ಬುದ್ಧನು ಹೀಯಾಳಿಸಲಿಲ್ಲವೆಂಬುದನ್ನು ನೆನಪಿಡಿರಿ. ಗೆಳೆಯನಿಗೆ ಸುದಸ್ಸನನಂತೆ ಇರಿರಿ, ಎಂದರೆ ಪಕ್ಕದಲ್ಲಿ ನಿಂತು ನೆನಪು ಮಾಡಿಕೊಡುವವರಾಗಿರಿ. ಆಟಕ್ಕೆ ಅವನನ್ನೂ ಕರೆದುಕೊಳ್ಳಿರಿ. ಹಾಗೆಯೆ ಇನ್ನು ಮುಂದೆ ಈ ಶಾಲೆಯಲ್ಲಿ ಯಾರ ಡಬ್ಬಿಯನ್ನು ನೋಡಿಯೂ ಯಾರೂ ನಗಬಾರದು.

ಬರುವ ವರ್ಷದಿಂದ ಶಾಲೆಯಲ್ಲಿ ಕೆಲವು ಕ್ರಮಗಳನ್ನು ಕೈಕೊಳ್ಳುತ್ತೇವೆ. ಕೊಬ್ಬು, ಉಪ್ಪು, ಸಕ್ಕರೆಗಳು ಅತಿಯಾದ ತಿಂಡಿಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ನೆರೆಯ ಅಂಗಡಿಯವರನ್ನು ನಾವೇ ಹೋಗಿ ಕಂಡು ವಿನಂತಿಸುತ್ತೇವೆ. ಅವರೂ ನಮ್ಮ ಮಕ್ಕಳ ಪಾಲಕರೇ, ಚುರುಮುರಿ, ಹುರಿಗಡಲೆ, ಪೇರಲಹಣ್ಣು ಮಾರಿದರೆ ಅವರ ವ್ಯಾಪಾರವೂ ಕೆಡದು. ಹುಟ್ಟುಹಬ್ಬಕ್ಕೆ ವರ್ಗದಲ್ಲಿ ಚಾಕಲೇಟು ಹಂಚುವ ಬದಲು ಗ್ರಂಥಾಲಯಕ್ಕೆ ಒಂದು ಕನ್ನಡ ಪುಸ್ತಕ ಕೊಡಿರಿ, ಇಲ್ಲವೆ ಶೇಂಗಾ ಚಿಕ್ಕಿ ಹಂಚಿರಿ. ದಿನಕ್ಕೆ ಮೂರು ಸಲ ನೀರು ಕುಡಿಯುವ ಗಂಟೆ ಬಾರಿಸುತ್ತೇವೆ. ಪರೀಕ್ಷೆ ಹತ್ತಿರ ಬಂದಿತೆಂದು ಆಟದ ಅವಧಿಯನ್ನು ಗಣಿತಕ್ಕೆ ಕೊಡುವ ಪದ್ಧತಿಯನ್ನು ನಿಲ್ಲಿಸುತ್ತೇವೆ. ಈ ಮಾತಿಗೆ ಮಕ್ಕಳು ಚಪ್ಪಾಳೆ ತಟ್ಟುವರೆಂದು ನಮಗೆ ಗೊತ್ತಿತ್ತು. ಪಾಲಕರೂ ತಟ್ಟಿದುದು ನಮಗೆ ಹೆಚ್ಚಿನ ಧೈರ್ಯ ತಂದಿದೆ.

ತಮ್ಮಲ್ಲಿ ನಮ್ಮದು ಒಂದೇ ಪ್ರಾರ್ಥನೆ. ನಾಳೆ ಮುಂಜಾನೆ ಮಗುವಿನ ಡಬ್ಬಿಯನ್ನು ಮುಚ್ಚುವ ಮೊದಲು ಒಂದು ಗಳಿಗೆ ಅದರೊಳಗೆ ನೋಡಿರಿ. ಅಲ್ಲಿರುವುದು ತಾವು ಮನಸ್ಸಿಟ್ಟು ಕೊಟ್ಟುದೋ, ಕೈಗೆ ಸಿಕ್ಕಿತೆಂದು ಹಾಕಿದುದೋ ಎಂದು ಕೇಳಿಕೊಳ್ಳಿರಿ. ಬೇಡಲಾರದವರಿಗೆ ಕೊಡುವ ಅನ್ನವೇ ದೊಡ್ಡ ದಾನ, ಅದಕ್ಕೆ ದೊಡ್ಡ ಎಚ್ಚರವೂ ಬೇಕು.

 ನಮ್ಮ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದು, ಚೆನ್ನಾಗಿ ಓದಿ, ಮನೆಗೂ ನಾಡಿಗೂ ಬೆಳಕಾಗಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ. 

— ಮುಖ್ಯಾಧ್ಯಾಪಕರು, ಬಿ.ಎ., ಬಿ.ಟಿ.